ಶಕುಂತಲೆಯ ಸಂತೋಷಗಳು, ಶಕುಂತಲೆಯ ಸಂದೇಹ

ಪ್ರಾಯಕ್ಕೆ ಬಂದ ಹೆಣ್ಣುಮಗಳು ಹೂವಿನ ಗಿಡಕ್ಕೆ ನೀರೆರೆಯುತ್ತಿದ್ದರೆ, ಕರುವಿನ ಕೊರಳನ್ನು ತುರಿಸುತ್ತ ನಿಂತಿದ್ದರೆ, ಗೆಳತಿಯೊಡನೆ ಕಾರಣವಿಲ್ಲದೆ ನಗುತ್ತಿದ್ದರೆ, ಹಿರಿಯರ ಕಣ್ಣಿಗೆ ಅದೊಂದು ಹಬ್ಬ. ಹುಡುಗಿಯ ಮನಸ್ಸು ಮೃದು, ಕೈ ತಂಪು ಎಂದು ನೆಂಟರಿಷ್ಟರ ಮುಂದೆ ಹೇಳಿಕೊಳ್ಳುವರು. ಅದೇ ಹುಡುಗಿಯ ಅದೇ ಮೃದುವಾದ ಮನಸ್ಸು ಒಂದು ದಿನ ಒಬ್ಬ ಪುರುಷನ ಕಡೆಗೆ ವಾಲಿತೆಂದು ತಿಳಿದರೆ ಮನೆಯ ಗಾಳಿಯೇ ಬದಲಾಗುವುದು. ನಿನ್ನೆಯ ತನಕ ಗುಣವಾಗಿದ್ದುದು ಇಂದು ದೋಷವಾಯಿತೆ? ಅಥವಾ ಗಿಡಮರಗಳನ್ನು ಪ್ರೀತಿಸುವ ಶಕ್ತಿ ಬೇರೆ, ಮನುಷ್ಯನಿಗೆ ಒಲಿಯುವ ಶಕ್ತಿ ಬೇರೆ ಎಂದು ಮನಸ್ಸಿನೊಳಗೆ ಎರಡು ಕೋಣೆಗಳಿರುವುವೆ? ಈ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಿಡಿಸಹೊರಡುವುದಕ್ಕಿಂತ ಕಾಳಿದಾಸನ ಶಾಕುಂತಲವನ್ನು ಮತ್ತೊಮ್ಮೆ ತೆರೆದು ನೋಡುವುದು ಲೇಸು. ವಾಚಕರಲ್ಲಿ ಅನೇಕರು ಅದನ್ನು ಮೂಲದಲ್ಲಿಯೋ ಬಸವಪ್ಪಶಾಸ್ತ್ರಿಗಳ ಕನ್ನಡದಲ್ಲಿಯೋ ಓದಿರುವರು. ಓದದವರೂ ಕಥೆಯನ್ನಂತೂ ಬಲ್ಲರು. ಆದರೆ ಬಲ್ಲ ಕಥೆಯಲ್ಲಿಯೇ ನಾವು ಕಾಣದೆ ದಾಟಿಹೋಗುವ ಸಂಗತಿಗಳು ಹೆಚ್ಚು.

ನಾಟಕದ ಮೊದಲ ಅಂಕದಲ್ಲಿ ಶಕುಂತಲೆಯು ಪ್ರವೇಶಿಸುವುದು ಪ್ರಣಯಿನಿಯಾಗಿ ಅಲ್ಲ, ನೀರಿನ ಕೊಡ ಹೊತ್ತ ಹುಡುಗಿಯಾಗಿ. ಕಣ್ವರಿಗೆ ನಿನಗಿಂತ ಈ ಗಿಡಗಳೇ ಹೆಚ್ಚು ಪ್ರಿಯವೆಂದು ತೋರುತ್ತದೆ ಎಂದು ಅನಸೂಯೆ ಹಾಸ್ಯಮಾಡಿದಾಗ ಅವಳು ಕೊಡುವ ಉತ್ತರವನ್ನು ಗಮನಿಸಬೇಕು. ತಂದೆಯ ಅಪ್ಪಣೆಯೊಂದೇ ಕಾರಣವಲ್ಲ, ತನಗೂ ಇವುಗಳಲ್ಲಿ ಒಡಹುಟ್ಟಿದವರ ಮೇಲಿನಂತಹ ಅಕ್ಕರೆಯುಂಟು ಎನ್ನುತ್ತಾಳೆ. ಕರ್ತವ್ಯವು ಅಲ್ಲಿಯೇ ಸಂತೋಷವಾಗಿ ಮಾಗಿದೆ. ನವಮಾಲಿಕೆಯ ಬಳ್ಳಿಯೊಂದಕ್ಕೆ ಅವಳು ವನಜ್ಯೋತ್ಸ್ನೆ ಎಂದು ಹೆಸರಿಟ್ಟಿದ್ದಾಳೆ. ಅದು ಮಾವಿನ ಮರವನ್ನು ತಾನಾಗಿ ಅಪ್ಪಿಕೊಂಡಿರುವುದನ್ನು ನೋಡುತ್ತ ನಿಲ್ಲುತ್ತಾಳೆ. ಪ್ರಿಯಂವದೆ ಸುಮ್ಮನಿರುವವಳಲ್ಲ. ಬಳ್ಳಿಗೆ ತಕ್ಕ ಮರ ದೊರೆತಂತೆ ತನಗೂ ತಕ್ಕ ವರ ದೊರೆಯಲಿ ಎಂಬ ಆಸೆಯಿಂದ ನೋಡುತ್ತಿದ್ದಾಳೆ ಎಂದು ಅನಸೂಯೆಗೆ ಹೇಳುತ್ತಾಳೆ. ಅದು ನಿನ್ನ ಮನಸ್ಸಿನ ಆಸೆಯೇ ಇರಬೇಕು ಎಂದು ಶಕುಂತಲೆ ತಿರುಗಿಸಿ ನುಡಿಯುತ್ತಾಳೆ. ಹುಡುಗಿಯರ ಈ ಮಾತುಕಥೆಯಲ್ಲಿ ಕೃತ್ರಿಮವೆಂಬುದು ಲೇಶವೂ ಇಲ್ಲ. ಕೊಡವನ್ನು ಬದಿಗಿಟ್ಟು ಬಾವಿಕಟ್ಟೆಯ ಬಳಿ ನಿಂತ ಯಾವ ಊರಿನ ಗೆಳತಿಯರೂ ಹೀಗೆಯೇ ಮಾತನಾಡಿಯಾರು.

ಇಷ್ಟೂ ಹೊತ್ತು ದುಷ್ಯಂತನು ಮರದ ಮರೆಯಲ್ಲಿ ನಿಂತು ನೋಡುತ್ತಿದ್ದಾನೆ. ರಾಜನಿಗೆ ಅವಳ ರೂಪವನ್ನು ಕುರಿತು ಪದ್ಯದ ಮೇಲೆ ಪದ್ಯವುಂಟು. ಅವಳಿಗೋ, ಅವನನ್ನು ಕಂಡ ಮೇಲೆ ದೊರೆಯುವುದು ಒಂದೇ ಒಂದು ವಾಕ್ಯ. ಅದೂ ಸ್ವಗತ, ಅದೂ ಪ್ರಾಕೃತ. ಸಂಸ್ಕೃತ ನಾಟಕದ ಕಟ್ಟಳೆಯಂತೆ ರಾಜನು ಸಂಸ್ಕೃತದಲ್ಲಿಯೂ ಸ್ತ್ರೀಯರು ಬಹುಮಟ್ಟಿಗೆ ಪ್ರಾಕೃತದಲ್ಲಿಯೂ ಮಾತನಾಡುವುದು ಸಹಜವೇ. ಆದರೂ ಒಲವಿನ ವಿಚಾರದಲ್ಲಿ ಪಾಂಡಿತ್ಯದ ಭಾಷೆಯೆಲ್ಲ ಒಬ್ಬನ ಕಡೆಗೆ, ಮನೆಮಾತು ಇನ್ನೊಬ್ಬಳ ಕಡೆಗೆ ಬಂದಿರುವುದು ಯೋಚನೆಗೆ ಎಡೆಗೊಡುವುದು. ಆ ವಾಕ್ಯದ ತಾತ್ಪರ್ಯವೇನೆಂದರೆ: ಈತನನ್ನು ನೋಡಿದ ಮಾತ್ರಕ್ಕೆ ತಪೋವನಕ್ಕೆ ಸಲ್ಲದ ಒಂದು ಭಾವಕ್ಕೆ ತಾನು ಒಳಗಾದುದು ಹೇಗೆ?

ಅವಳು ಆ ಭಾವವನ್ನು ಹಳಿಯಲಿಲ್ಲ, ಹೊಗಳಲೂ ಇಲ್ಲ. ಹೇಗಾಯಿತು ಎಂದು ಕೇಳಿಕೊಂಡಳು. ಆಕರ್ಷಣೆಯನ್ನು ಕುರಿತ ನೀತಿವಿಚಾರವೆಲ್ಲ ಆರಂಭವಾಗಬೇಕಾದುದು ಈ ಪ್ರಶ್ನೆಯಿಂದಲೇ. ತಾನಾಗಿ ಮಾಡಿದ ಕಾರ್ಯಕ್ಕೆ ಮನುಷ್ಯನು ಹೊಣೆ. ತನ್ನಲ್ಲಿ ತಾನೇ ಆಗಿಬಿಟ್ಟುದಕ್ಕೆ ಹೊಣೆ ಹೇಗಾದಾನು? ಭಗವದ್ಗೀತೆಯ ಎರಡನೆಯ ಅಧ್ಯಾಯವು ವಿಷಯಗಳನ್ನು ಧ್ಯಾನಿಸುವುದರಿಂದ ಸಂಗ, ಸಂಗದಿಂದ ಕಾಮ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ತೋರಿಸಿದೆ. ಅಲ್ಲಿಯೂ ಮೊದಲ ಮೆಟ್ಟಿಲೆಂದರೆ ಕಾಣುವುದಲ್ಲ, ಕಂಡುದನ್ನು ಮನಸ್ಸಿನಲ್ಲಿ ಕೂರಿಸಿಕೊಂಡು ಮತ್ತೆ ಮತ್ತೆ ನೋಡುವುದು. ಹೀಗಿರಲು ಕಣ್ಣಿಗೆ ಬಿದ್ದ ಚೆಲುವಿಗೆ ಮನಸ್ಸು ಒಂದು ಸಲ ಹೊರಳಿದುದನ್ನೇ ಹಿಡಿದು ಹುಡುಗಿಯನ್ನು ಜರೆಯುವವರು ಶಾಸ್ತ್ರಕ್ಕಿಂತಲೂ ಕಠಿನರು.

ಆದರೆ ಧ್ಯಾನವೇ ದೋಷವೆಂದು ಹೇಳಿಬಿಡುವುದೂ ಸುಲಭವಲ್ಲ. ಶಕುಂತಲೆಯು ವನಜ್ಯೋತ್ಸ್ನೆಯನ್ನು ದಿನವೂ ಧ್ಯಾನಿಸುತ್ತಿದ್ದಳಲ್ಲವೆ? ಕುಶದ ಮೊನೆ ಚುಚ್ಚಿ ಬಾಯಿ ಗಾಯವಾದ ಜಿಂಕೆಯ ಮರಿಗೆ ಇಂಗುದೀ ತೈಲವನ್ನು ಹಚ್ಚಿ, ಶ್ಯಾಮಾಕ ಧಾನ್ಯವನ್ನು ಹಿಡಿಹಿಡಿಯಾಗಿ ಉಣಿಸಿ ಸಾಕಿದವಳಲ್ಲವೆ? ಅಂತಹ ನೆಟ್ಟ ಗಮನವಿಲ್ಲದವನಿಗೆ ಪ್ರೀತಿಯೂ ಬಾರದು, ಸೇವೆಯೂ ಬಾರದು. ಗಿಡದ ಮೇಲೆ ನೆಟ್ಟುದು ಸದ್ಗುಣ, ಮನುಷ್ಯನ ಮೇಲೆ ನೆಟ್ಟುದು ದುರ್ಗುಣ ಎನ್ನುವುದಾದರೆ ಆ ವಿಂಗಡಣೆಗೆ ಬೇರೊಂದು ಆಧಾರ ಬೇಕು.

ಆ ಆಧಾರವು ನಾಲ್ಕನೆಯ ಅಂಕದಲ್ಲಿ ಕಣ್ವರ ಬಾಯಿಂದ ಬರುವುದು. ಮಗಳನ್ನು ಬೀಳ್ಕೊಡುತ್ತ ಅವರು ತಪೋವನದ ಮರಗಳಿಗೆ ಅವಳ ಗುಣವನ್ನು ಹೇಳುವರು: ಮರಗಳಿಗೆ ನೀರೆರೆಯದೆ ತಾನು ಕುಡಿದವಳಲ್ಲ, ಅಲಂಕಾರದಲ್ಲಿ ಆಸೆಯುಳ್ಳವಳಾಗಿಯೂ ಅವುಗಳ ಮೇಲಿನ ಅಕ್ಕರೆಯಿಂದ ಒಂದು ಚಿಗುರನ್ನೂ ಕೀಳಲಿಲ್ಲ. ಅಲಂಕಾರದ ಆಸೆಯೇ ಇಲ್ಲದವಳೆಂದು ಹೇಳಿದ್ದರೆ ಅದು ಒಣ ಹೊಗಳಿಕೆಯಾಗುತ್ತಿತ್ತು. ವಿರಕ್ತಳಾದ ಹುಡುಗಿ ಚಿಗುರನ್ನು ಕೀಳದಿರುವುದರಲ್ಲಿ ಹೆಚ್ಚೇನಿದೆ? ಅವಳಿಗೆ ಆಸೆಯಿತ್ತು. ತಂದೆಗೆ ಅದು ತಿಳಿದಿತ್ತು. ಅದನ್ನು ನಾಲ್ಕು ಜನರೆದುರಿಗೆ ಆಡಲು ಅವರಿಗೆ ನಾಚಿಕೆಯೂ ಆಗಲಿಲ್ಲ. ಕೀಳುವ ಆಸೆ ಒಂದು, ಎರೆಯುವ ಅಕ್ಕರೆ ಇನ್ನೊಂದು. ಎರಡೂ ಒಂದೇ ಎದೆಯಲ್ಲಿ ಹುಟ್ಟುವುವು, ಒಂದೇ ವಸ್ತುವಿನ ಕಡೆಗೆ ಹರಿಯುವುವು. ಒಲವು ದೋಷವೊ ಅಲ್ಲವೊ ಎಂದು ಕೇಳುವುದಕ್ಕಿಂತ ಇವೆರಡರಲ್ಲಿ ಯಾವುದು ಯಾವುದನ್ನು ಆಳುತ್ತಿದೆ ಎಂದು ಕೇಳುವುದು ಹೆಚ್ಚು ಉಪಯುಕ್ತವಾದೀತು. ಈ ಪ್ರಶ್ನೆಯನ್ನು ಹುಡುಗಿಯೊಬ್ಬಳಿಗೇ ಹಾಕುವುದು ಮಾತ್ರ ಅನ್ಯಾಯ. ಜಿಂಕೆಯನ್ನು ಬೆನ್ನಟ್ಟಿ ಬಾಣವನ್ನು ಹೂಡಿಕೊಂಡೇ ನಾಟಕದೊಳಕ್ಕೆ ಬಂದವನು ದುಷ್ಯಂತ.

ದುಷ್ಯಂತನಿಗೂ ಮೊದಲು ಒಂದು ಶಂಕೆ ಹುಟ್ಟುವುದು. ಮುನಿಕನ್ಯೆಯು ಕ್ಷತ್ರಿಯನಿಗೆ ಸಲ್ಲುವಳೆ ಎಂಬುದು ಅದು. ಸಜ್ಜನರಿಗೆ ಸಂದೇಹ ಬಂದಲ್ಲಿ ಅವರ ಅಂತಃಕರಣದ ಒಲವೇ ಪ್ರಮಾಣವೆಂದು ಅವನು ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುತ್ತಾನೆ. ಧರ್ಮಶಾಸ್ತ್ರಗಳು ಆತ್ಮತುಷ್ಟಿಯನ್ನು ಧರ್ಮಕ್ಕೆ ಒಂದು ಆಧಾರವಾಗಿ ಎಣಿಸಿರುವುದು ನಿಜ. ಆದರೆ ಶ್ರುತಿ, ಸ್ಮೃತಿ, ಸದಾಚಾರಗಳ ಬಳಿಕ ಎಣಿಸಿವೆ. ಇವನು ಕಡೆಯದನ್ನು ಮೊದಲಿಗೆ ತಂದನು. ಅವನ ಊಹೆ ಸರಿಯಾದುದು ಅದೃಷ್ಟ. ಅವಳು ವಿಶ್ವಾಮಿತ್ರ ಮೇನಕೆಯರ ಮಗಳೆಂದು ಗೆಳತಿಯರಿಂದ ಅವನಿಗೆ ತಿಳಿಯಿತು. ಮನಸ್ಸು ಬಯಸಿದುದನ್ನು ಬುದ್ಧಿ ಒಪ್ಪಿಸಿಕೊಟ್ಟಿತೆಂಬುದರಿಂದ ಮನಸ್ಸು ಪ್ರಮಾಣವಾಗುವುದಿಲ್ಲ.

ಶಕುಂತಲೆಯದು ಬೇರೆ ರೀತಿ. ಮೂರನೆಯ ಅಂಕದಲ್ಲಿ ಗೆಳತಿಯರ ಒತ್ತಾಯಕ್ಕೆ ತಾವರೆಯೆಲೆಯ ಮೇಲೆ ಉಗುರಿನಿಂದ ಓಲೆ ಬರೆಯುವಾಗ ಅವಳು ಮೊದಲು ಹೇಳುವುದೇ, ಅವನ ಹೃದಯ ತನಗೆ ತಿಳಿಯದೆಂಬುದನ್ನು. ತನ್ನ ತಾಪವನ್ನು ಹೇಳುವುದು ಆ ಮೇಲೆ. ಶಾಸ್ತ್ರ ಬಲ್ಲ ರಾಜನು ತನ್ನ ಹೃದಯದಿಂದ ಲೋಕವನ್ನು ಅಳೆದನು. ಕಾಡಿನಲ್ಲಿ ಬೆಳೆದ ಹುಡುಗಿ ತನ್ನ ಹೃದಯವನ್ನು ಬಲ್ಲೆ, ಇನ್ನೊಬ್ಬರದನ್ನು ಅರಿಯೆ ಎಂದಳು. ತತ್ತ್ವದೃಷ್ಟಿಯಿಂದ ನೋಡಿದರೆ ಯಾರ ಮಾತು ಹೆಚ್ಚು ಶುದ್ಧವೆಂಬುದನ್ನು ಹೇಳಬೇಕಾಗಿಲ್ಲ. ಐದನೆಯ ಅಂಕದಲ್ಲಿ ಶಾರ್ಙ್ಗರವನು, ಹೃದಯವನ್ನರಿಯದವರಲ್ಲಿ ಮಾಡಿದ ಸ್ನೇಹ ಹೀಗೆ ವೈರವಾಗುವುದೆಂದು ಅವಳನ್ನು ಗದರಿಸುವಾಗ, ಪಾಪ, ಅವಳಿಗೆ ಹೊಸದೇನನ್ನೂ ಹೇಳುತ್ತಿಲ್ಲ. ಅರಿಯೆನೆಂಬುದನ್ನು ಅವಳು ಮೊದಲೇ ಅರಿತಿದ್ದಳು. ಅರಿತೂ ನಂಬಿದಳು. ನಂಬಿಕೆಯೆಂಬುದು ಅದೇ ತಾನೆ? ಪೂರ್ತಿ ತಿಳಿದ ಮೇಲೆ ಬರುವುದು ಲೆಕ್ಕಾಚಾರ.

ಮಹಾಭಾರತದ ಆದಿಪರ್ವದ ಶಕುಂತಲೆ ಇಷ್ಟು ಸುಲಭವಾಗಿ ಒಲಿಯುವವಳಲ್ಲ. ತನಗೆ ಹುಟ್ಟುವ ಮಗನೇ ಯುವರಾಜನಾಗಬೇಕೆಂದು ಮೊದಲೇ ಮಾತು ತೆಗೆದುಕೊಳ್ಳುತ್ತಾಳೆ. ಸಭೆಯಲ್ಲಿ ರಾಜನು ಗುರುತಿಲ್ಲವೆಂದಾಗ ಹೆಂಡತಿಯ ಹಿರಿಮೆಯನ್ನೂ ಸತ್ಯದ ಬೆಲೆಯನ್ನೂ ಕುರಿತು ದೀರ್ಘವಾಗಿ ವಾದಿಸುತ್ತಾಳೆ. ಅಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ; ರಾಜನಿಗೆ ಎಲ್ಲವೂ ನೆನಪಿದೆ, ಲೋಕಾಪವಾದಕ್ಕೆ ಅಂಜಿ ನಟಿಸುತ್ತಾನೆ. ಕಾಳಿದಾಸನು ರಾಜನ ಮಾನವನ್ನು ಉಳಿಸಲು ದೂರ್ವಾಸರನ್ನು ಕರೆತಂದನೆಂದು ಟೀಕಿಸುವವರುಂಟು. ಆ ಟೀಕೆಯಲ್ಲಿ ಸತ್ಯಾಂಶವಿದೆ. ಆದರೂ ಶಾಪವು ಯಾವುದಕ್ಕೆ ಬಿತ್ತು ಎಂಬುದನ್ನು ನೋಡಬೇಕು. ಅದು ಬಿದ್ದುದು ಒಲಿದುದಕ್ಕಲ್ಲ. ಕಣ್ವರು ಹೊರಗೆ ಹೋಗುವಾಗ ಅತಿಥಿಸತ್ಕಾರವನ್ನು ಅವಳಿಗೆ ಒಪ್ಪಿಸಿದ್ದರು. ಅತಿಥಿಯು ಬಾಗಿಲಲ್ಲಿ ಕೂಗಿದುದು ಅವಳಿಗೆ ಕೇಳಿಸಲಿಲ್ಲ. ಎಲ್ಲಕ್ಕೂ ಕಿವಿಗೊಡುತ್ತಿದ್ದ ಹುಡುಗಿಗೆ ಒಂದು ಗಳಿಗೆ ಕಿವಿಯಿಲ್ಲದಾಯಿತು. ಅದು ತಪ್ಪೇ. ಆದರೆ ಗಳಿಗೆಯ ತಪ್ಪಿಗೆ ವರುಷಗಳ ದಂಡವೆಂಬುದನ್ನು ನ್ಯಾಯವೆಂದು ಒಪ್ಪಲು ಮನಸ್ಸು ಬಾರದು. 1907ರಲ್ಲಿ ಪ್ರಕಟವಾದ ‘ಪ್ರಾಚೀನ ಸಾಹಿತ್ಯ’ದಲ್ಲಿ ರವೀಂದ್ರನಾಥ ಠಾಕೂರರು ಈ ದುಃಖವು ಒಲವನ್ನು ತಪಸ್ಸಿನಿಂದ ಶೋಧಿಸಿ ಮಂಗಳವಾಗಿಸಿತೆಂದು ವಿವರಿಸಿದ್ದಾರೆ. ಅದು ಗಂಭೀರವಾದ ವಿವರಣೆ, ನಿಜ. ಆದರೆ ತುಂಬಿದ ಬಸಿರಿನ ಹೆಣ್ಣೊಬ್ಬಳು ರಾಜಸಭೆಯಲ್ಲಿ ಅವಮಾನಪಟ್ಟು ನಿಲ್ಲಬೇಕಾದುದನ್ನು ಶೋಧನೆಯೆಂದು ಕರೆಯುವಾಗ, ಶೋಧನೆಯ ಬೆಂಕಿ ಯಾರ ಮೈಮೇಲೆ ಹೆಚ್ಚಾಗಿ ಬಿತ್ತು ಎಂದು ಕೇಳದೆ ಇರಲಾಗದು.

ಶಾಪಕ್ಕಿಂತಲೂ ಹೆಚ್ಚು ಕೇಡು ಮಾಡಿದುದು ಬೇರೊಂದು. ಅದನ್ನು ಯಾರೂ ಶಾಪವೆಂದು ಕರೆಯುವುದಿಲ್ಲ. ದೂರ್ವಾಸರ ನುಡಿಯನ್ನು ಕೇಳಿದವರು ಅನಸೂಯೆ ಪ್ರಿಯಂವದೆಯರಿಬ್ಬರೇ. ಗೆಳತಿ ಸ್ವಭಾವದಿಂದ ಕೋಮಲೆ, ಈ ವೃತ್ತಾಂತ ನಮ್ಮಿಬ್ಬರ ಬಾಯಲ್ಲಿಯೇ ಇರಲಿ ಎಂದು ಅವರು ಬಚ್ಚಿಟ್ಟರು. ರಾಜನು ಗುರುತಿಸದಿದ್ದರೆ ಉಂಗುರವನ್ನು ತೋರಿಸು ಎಂದು ಹೊರಡುವಾಗ ಹೇಳಿದರು. ಅವಳು ನಡುಗಿ ಕಾರಣ ಕೇಳಿದಾಗ, ಸ್ನೇಹವು ಕೇಡನ್ನೇ ಶಂಕಿಸುತ್ತದೆ ಎಂದು ಮರೆಸಿಬಿಟ್ಟರು. ನಿಜವನ್ನು ತಿಳಿದಿದ್ದರೆ ಅವಳು ಆ ಉಂಗುರವನ್ನು ಶಚೀತೀರ್ಥದ ನೀರಿನಲ್ಲಿ ಅಷ್ಟು ಅಜಾಗ್ರತೆಯಿಂದ ಕಳೆದುಕೊಳ್ಳುತ್ತಿದ್ದಳೆ? ಹುಡುಗಿ ಕೋಮಲೆ, ಅವಳಿಗೆ ಹೇಳಬೇಡ ಎಂಬ ಮಾತು ವಿದ್ಯಾವಂತರ ಮನೆಗಳಲ್ಲಿಯೂ ಇಂದಿಗೂ ಕೇಳಿಬರುವುದು. ಒಲವು ಎಂದರೇನು, ಅದು ಎಲ್ಲೆಲ್ಲಿ ಮೋಸ ಹೋಗುವುದು, ಮಾತು ಕೊಟ್ಟವರು ಯಾವಾಗ ಮರೆಯುವರು, ಇವನ್ನೆಲ್ಲ ಅಕ್ಕರೆಯಿಂದಲೇ ಅವಳಿಂದ ಬಚ್ಚಿಡುವರು. ಎಡವಿದಾಗ ಮಾತ್ರ ಗೊತ್ತಿರಲಿಲ್ಲವೆ ಎಂದು ಕೇಳುವರು. ಕಣ್ವರಾದರೋ ಹಿಂದಿರುಗಿ ಬಂದು ಅಶರೀರವಾಣಿಯಿಂದ ಸಂಗತಿಯನ್ನು ತಿಳಿದು, ನಾಚಿ ತಲೆ ತಗ್ಗಿಸಿದ ಮಗಳನ್ನು ಅಪ್ಪಿಕೊಂಡು, ಹೊಗೆಯಿಂದ ಕಣ್ಣು ಮಂಜಾದರೂ ಯಜಮಾನನ ಆಹುತಿ ಬೆಂಕಿಯಲ್ಲಿಯೇ ಬಿದ್ದಿತು ಎಂದರು. ಅಂತಹ ತಂದೆಯೂ ಒಂದು ಕಡೆ ತಪ್ಪಿದರೇನೋ. ಗೆಳತಿಯರನ್ನು ಜೊತೆಗೆ ಕಳುಹಲಿಲ್ಲ. ಅವರಿಗೂ ಮದುವೆಯಾಗಬೇಕು, ಅಲ್ಲಿಗೆ ಹೋಗುವುದು ಯುಕ್ತವಲ್ಲ ಎಂದರು. ಗಾಂಧರ್ವವನ್ನು ಬಲ್ಲ ಸಾಕ್ಷಿಗಳಿಬ್ಬರೂ ಹೀಗೆ ಆಶ್ರಮದಲ್ಲಿಯೇ ಉಳಿದರು. 1954ರ ವಿಶೇಷ ವಿವಾಹ ಕಾಯಿದೆಯು ಮೂವರು ಸಾಕ್ಷಿಗಳನ್ನು ಕೇಳುವುದು; ಕಾಯಿದೆ ಮಾಡಿದವರು ಶಾಕುಂತಲವನ್ನು ನೆನೆದಿರಲಾರರು, ಆದರೆ ಓದುಗರಿಗೆ ಅದು ನೆನಪಾಗದೆ ಇರದು.

ಹೀಗೆ ಸಭೆಯಲ್ಲಿ ನಿಂತವಳ ಬೆರಳಿನಲ್ಲಿ ಉಂಗುರವಿಲ್ಲ, ಪಕ್ಕದಲ್ಲಿ ಕಂಡವರಿಲ್ಲ. ಆಗ ಅವಳು ತನ್ನಲ್ಲಿ ಉಳಿದ ಒಂದೇ ಸಾಕ್ಷ್ಯವನ್ನು ಮುಂದಿಡುತ್ತಾಳೆ, ಒಂದು ಸಣ್ಣ ಸಂತೋಷದ ನೆನಪನ್ನು. ನವಮಾಲಿಕೆಯ ಮಂಟಪದಲ್ಲಿ ಒಂದು ದಿನ ರಾಜನ ಕೈಯಲ್ಲಿ ತಾವರೆಯೆಲೆಯ ದೊನ್ನೆಯ ತುಂಬ ನೀರಿತ್ತು. ಅವಳು ಮಗನಂತೆ ಸಾಕಿದ ದೀರ್ಘಾಪಾಂಗನೆಂಬ ಜಿಂಕೆಯ ಮರಿ ಬಂತು. ಅದೇ ಮೊದಲು ಕುಡಿಯಲಿ ಎಂದು ರಾಜನು ಒಡ್ಡಿದನು. ಪರಿಚಯವಿಲ್ಲದ ಕೈಯ ಬಳಿಗೆ ಅದು ಬರಲಿಲ್ಲ. ಅದೇ ನೀರನ್ನು ಅವಳು ಹಿಡಿದಾಗ ಕುಡಿಯಿತು. ಎಲ್ಲರೂ ತಮ್ಮವರನ್ನೇ ನಂಬುವರು, ನೀವಿಬ್ಬರೂ ಕಾಡಿನವರು ಎಂದು ಅವನು ನಕ್ಕನು. ಹೆಣ್ಣಿನ ಬದುಕಿನಲ್ಲಿ ಒಲವು ಬೇರೂರುವುದು ಇಂತಹ ಕಡೆಗಳಲ್ಲಿಯೇ. ಪದ್ಯಗಳಲ್ಲಿ ವರ್ಣಿತವಾದ ತುಟಿ ತೋಳುಗಳಲ್ಲಿ ಅಲ್ಲ. ಮರಿಗೆ ಮೊದಲು ನೀರು ಒಡ್ಡಿದನೆಂಬ ಒಂದು ಸಂಗತಿಯಲ್ಲಿ, ನಕ್ಕ ಒಂದು ಮಾತಿನಲ್ಲಿ. ಅವನು ಮರೆಯಲ್ಲಿ ನಿಂತು ಕಂಡುದು ಅವಳ ರೂಪ. ಅವಳು ನೆನಪಿನಲ್ಲಿ ಇಟ್ಟುಕೊಂಡುದು ಅವನ ನಡತೆ. ಸಭೆಗೆ ಆ ಸಾಕ್ಷ್ಯವು ಹಿಡಿಸಲಿಲ್ಲ. ಕಲಿಸದೆಯೇ ಹೆಂಗಸರಿಗೆ ಚಾತುರ್ಯ ಬರುವುದೆಂದೂ, ಕೋಗಿಲೆಯು ತನ್ನ ಮರಿಗಳನ್ನು ಬೇರೆ ಹಕ್ಕಿಗಳಿಂದ ಸಾಕಿಸುವುದೆಂದೂ ರಾಜನು ನುಡಿದನು. ಶಾಪವು ನೆನಪನ್ನು ಅಳಿಸಿತ್ತೆಂಬುದು ಸರಿ. ಈ ಮಾತನ್ನೂ ಶಾಪವೇ ಆಡಿಸಿತೆಂದು ಹೇಳಲು ಆಧಾರವಿಲ್ಲ.

ಏಳನೆಯ ಅಂಕದಲ್ಲಿ ಹೇಮಕೂಟದ ಮಾರೀಚಾಶ್ರಮದಲ್ಲಿ ಅವಳು ಮತ್ತೆ ಕಾಣುವಳು: ಮಾಸಿದ ಸೀರೆ, ಒಂಟಿ ಹೆಣಲು, ವ್ರತದಿಂದ ಬಾಡಿದ ಮುಖ. ರಾಜನು ಕಾಲಿಗೆ ಬೀಳುವನು. ತನ್ನ ಹಿಂದಿನ ಕರ್ಮದ ಫಲವಿರಬೇಕೆಂದು ಹೇಳಿ ಅವಳು ಅವನನ್ನು ಎಬ್ಬಿಸುವಳು, ಕಣ್ಣೀರು ಒರಸಿಕೊಳ್ಳುವರು. ಶಾಪದ ಸುದ್ದಿ ಅವಳಿಗೆ ಇನ್ನೂ ತಿಳಿದಿಲ್ಲ, ಮಾರೀಚರು ಅದನ್ನು ಆ ಮೇಲೆ ಹೇಳುವರು. ತಿಳಿಯದೆಯೇ ಅವಳು ಅವನನ್ನು ಕ್ಷಮಿಸಿದಳು. ಆಗ ಅವಳ ಕಣ್ಣು ಅವನ ಬೆರಳಿನ ಉಂಗುರದ ಮೇಲೆ ಬೀಳುವುದು. ಋತುವಿನೊಡನೆ ಕೂಡಿದ ಗುರುತಾಗಿ ಬಳ್ಳಿಯು ಹೂವನ್ನು ತೊಡಲಿ ಎಂದು ಅವನು ಅದನ್ನು ಅವಳಿಗೆ ತೊಡಿಸಹೋಗುವನು. ಅವಳು ಕೈ ಹಿಂದೆಗೆಯುವಳು. ಇದನ್ನು ತಾನು ನಂಬುವುದಿಲ್ಲವೆಂದೂ, ಆರ್ಯಪುತ್ರನೇ ಇದನ್ನು ಧರಿಸಿರಲೆಂದೂ ಹೇಳುವಳು.