ಒಸಾಕಾ ನಗರದಲ್ಲಿ ಅಲ್ಪವೆಚ್ಚದ ವಸತಿ

ಒಂದು ವಸ್ತುವು ಅಗ್ಗವಾಗಿ ದೊರೆಯುವುದಕ್ಕೆ ಮತ್ತೊಬ್ಬರ ದುಃಸ್ಥಿತಿಯೇ ಕಾರಣವಾಗಿದ್ದ ಪಕ್ಷದಲ್ಲಿ, ಅದನ್ನು ಕೊಂಡವನಿಗೆ ದೋಷದ ಲೇಪವುಂಟೋ ಇಲ್ಲವೋ? ಪಾಠಶಾಲೆಯಲ್ಲಿದ್ದಾಗ ಇಂತಹ ಪ್ರಶ್ನೆಗಳನ್ನು ತರ್ಕಬಲದಿಂದ ಅರ್ಧ ಘಳಿಗೆಯಲ್ಲಿ ಮುಗಿಸಿಬಿಡುತ್ತಿದ್ದೆವು. ಈಗ ಅದು ಅಷ್ಟು ಬೇಗ ಮುಗಿಯಲೊಲ್ಲದು. ಏಕೆಂದರೆ ಆ ಅಗ್ಗದ ಹಾಸಿಗೆಯಲ್ಲಿ ಮಲಗಿದವನು ನಾನೇ.

ನಮ್ಮ ಅಳಿಯಂದಿರು ಕಾರ್ಯನಿಮಿತ್ತವಾಗಿ ಆರು ತಿಂಗಳು ಜಪಾನು ದೇಶದ ಒಸಾಕಾ ನಗರದಲ್ಲಿದ್ದರು. 2025ರ ಸೆಪ್ಟೆಂಬರಿನಲ್ಲಿ, ಯುಮೆಷಿಮಾ ದ್ವೀಪದಲ್ಲಿ ನಡೆಯುತ್ತಿದ್ದ ವಿಶ್ವ ವಸ್ತುಪ್ರದರ್ಶನವನ್ನು ನೋಡಿಹೋಗಬೇಕೆಂದು ನನ್ನನ್ನು ಕರೆಯಿಸಿಕೊಂಡರು. ಅವರ ಕೊಠಡಿಯಲ್ಲಿ ಅತಿಥಿಗಳಿಗೆ ಅವಕಾಶವಿರಲಿಲ್ಲ. ಪ್ರದರ್ಶನದ ಕಾಲವಾದ್ದರಿಂದ ಸಾಧಾರಣ ಹೋಟೆಲಿನವರೂ ಒಂದು ರಾತ್ರಿಗೆ 14,000 ಯೆನ್, ಎಂದರೆ ನಮ್ಮ ಎಂಟು ಸಾವಿರ ರೂಪಾಯಿಗೂ ಮೇಲಾಗಿ, ಕೇಳಿದರು. ಹುಡುಕಿ ಹುಡುಕಿ ಕಡೆಗೆ 2,600 ಯೆನ್ನಿಗೆ ಮೂರು ಚಾಪೆಯ ಒಂದು ಕೊಠಡಿಯನ್ನು ಅಳಿಯಂದಿರು ಕಾದಿರಿಸಿದರು. ಆ ದೇಶದಲ್ಲಿ ಕೊಠಡಿಯನ್ನು ಅದರಲ್ಲಿ ಹಿಡಿಯುವ ಚಾಪೆಗಳಿಂದ ಅಳೆಯುವುದು ವಾಡಿಕೆ. ಮೂರು ಚಾಪೆಯೆಂದರೆ ಸುಮಾರು 50 ಚದರಡಿ. ಹಾಸಿಗೆ, ಸಣ್ಣದೊಂದು ಕಿಟಕಿ, ಎಲ್ಲರಿಗೂ ಸೇರಿದ ಸ್ನಾನಗೃಹ, ಎಲ್ಲವೂ ಶುಚಿಯಾಗಿದ್ದಿತು. ಅಂದೇ ಮನೆಗೆ ಫೋನು ಮಾಡಿ, ದಿನಕ್ಕೆ ಆರು ಸಾವಿರಕ್ಕೂ ಮಿಕ್ಕು ಉಳಿಸಿದೆನೆಂದು ಹೆಮ್ಮೆಯಿಂದ ಹೇಳಿಕೊಂಡೆನು.

ಆ ಕೊಠಡಿಯು ಏಕೆ ಅಗ್ಗವೆಂಬುದು ಮರುದಿನ ತಿಳಿಯಿತು. ನಿಷಿನಾರಿ ವಿಭಾಗದಲ್ಲಿ, ಷಿನ್-ಇಮಾಮಿಯಾ ರೈಲು ನಿಲ್ದಾಣದ ದಕ್ಷಿಣಕ್ಕಿರುವ ಆ ಕೇರಿಯ ಹಳೆಯ ಹೆಸರು ಕಮಗಸಾಕಿ. ಜಪಾನೀ ಭಾಷೆಯಲ್ಲಿ ‘ಯಾದೊ’ ಎಂದರೆ ಬಿಡದಿಯ ಮನೆ. ತಮಗೆ ದೊರೆಯುವ ಗೂಡು ಆ ಹೆಸರಿಗೆ ಅರ್ಹವಲ್ಲವೆಂದು ದಿನಗೂಲಿಯವರು ಅಕ್ಷರಗಳನ್ನು ತಿರುವುಮುರುವಾಗಿಸಿ ಅದನ್ನು ‘ದೊಯಾ’ ಎಂದು ಕರೆದರಂತೆ. ಹಿಂಸಾರ್ಥದ ಧಾತುವಿನಿಂದ ವರ್ಣವಿಪರ್ಯಯವಾಗಿ ಸಿಂಹಶಬ್ದವು ಹುಟ್ಟಿತೆಂದು ನಮ್ಮ ವೈಯಾಕರಣರು ಹೇಳುವುದನ್ನು ಬಾಯಿಪಾಠ ಮಾಡಿದ್ದ ನನಗೆ ಈ ಮಾತು ಕೇಳಿದೊಡನೆ ನಾಟಿತು. ಅಲ್ಲಿ ಹಿಂಸೆಯು ತಿರುಗಿ ಸಿಂಹವಾಯಿತು. ಇಲ್ಲಿ ಮನೆಯು ತಿರುಗಿ ಮನೆಯಲ್ಲದ್ದಾಯಿತು.

1961ರಲ್ಲಿ ಟ್ಯಾಕ್ಸಿಗೆ ಸಿಕ್ಕಿ ಸತ್ತ ಒಬ್ಬ ಕೂಲಿಯವನ ಶವವನ್ನು ಪೊಲೀಸರು ಅನಾದರದಿಂದ ಕಂಡರೆಂದು ಅಲ್ಲಿ ದೊಡ್ಡ ದಂಗೆಯೆದ್ದಿತು. 1966ರಲ್ಲಿ ಅಧಿಕಾರಿಗಳು ಆ ಪ್ರದೇಶಕ್ಕೆ ‘ಐರಿನ್’ ಎಂಬ ಹೊಸ ಹೆಸರನ್ನಿಟ್ಟರು. ನೆರೆಯವರಲ್ಲಿ ಪ್ರೀತಿಯೆಂಬುದು ಆ ಅಕ್ಷರಗಳ ಅರ್ಥ. ಹೆಸರು ಬದಲಾಯಿಸುವುದು ಯಾವ ದೇಶದ ಸರಕಾರಕ್ಕೂ ಸುಲಭಸಾಧ್ಯವಾದ ಕಾರ್ಯವಷ್ಟೆ. 1970ರಲ್ಲಿ ಇದೇ ಒಸಾಕಾದಲ್ಲಿ ನಡೆದ ಹಿಂದಿನ ವಿಶ್ವ ಪ್ರದರ್ಶನದ ಕಟ್ಟಡಗಳಿಗಾಗಿ ನಾನಾ ಕಡೆಗಳಿಂದ ಕೂಲಿಗಳು ಇಲ್ಲಿಗೆ ಬಂದು ಸೇರಿದರು. ಪ್ರಾತಃಕಾಲದಲ್ಲಿ ಅವರನ್ನು ಕೆಲಸಕ್ಕೆ ಆರಿಸಿಕೊಳ್ಳುತ್ತಿದ್ದ ಕಾರ್ಮಿಕ ಕೇಂದ್ರವು ಅದೇ ವರ್ಷ ತೆರೆದು 2019ರಲ್ಲಿ ಮುಚ್ಚಿತು. 1990ರ ದಶಕದಲ್ಲಿ ದೇಶದ ಆರ್ಥಿಕ ಉಬ್ಬರವಿಳಿದಾಗ ಕೆಲಸವು ಹೋಯಿತು, ಕೂಲಿಗಳು ಮುದುಕರಾದರು, ಎಷ್ಟೋ ಮಂದಿ ಬೀದಿಗೆ ಬಿದ್ದರು. ಬರಿದಾದ ದೊಯಾಗಳಲ್ಲಿ ಕೆಲವು ಸರಕಾರದ ಸಹಾಯಧನದಿಂದ ಬಾಳುವ ವೃದ್ಧರ ನಿವಾಸಗಳಾದುವು, ಕೆಲವು ನಮ್ಮಂತಹ ಪರದೇಶದ ಪ್ರವಾಸಿಗಳಿಗೆ ಬಾಗಿಲು ತೆರೆದುವು. ಅದೇ ರೈಲು ನಿಲ್ದಾಣದ ಎದುರಿಗೆ 2022ರಲ್ಲಿ 400ಕ್ಕೂ ಹೆಚ್ಚು ಕೊಠಡಿಗಳ ದೊಡ್ಡ ಹೋಟೆಲೊಂದು ಎದ್ದು ನಿಂತಿರುವುದು.

ಎರಡನೆಯ ರಾತ್ರಿ ಒಂಬತ್ತರ ಸುಮಾರಿಗೆ ಜಡಿಮಳೆ ಹಿಡಿದಿದ್ದಿತು. ನಾನು ಕೆಳಗಿನ ಬೆಂಚಿನ ಮೇಲೆ ಕುಳಿತಿದ್ದೆನು. ನನಗಿಂತ ಹತ್ತು ವರ್ಷ ಹಿರಿಯನಂತೆ ಕಾಣುವ ಒಬ್ಬಾತನು ನೆನೆದ ಚೀಲವನ್ನು ಹಿಡಿದು ಒಳಕ್ಕೆ ಬಂದು, ಜೇಬಿನಿಂದ ನೋಟುಗಳನ್ನು ತೆಗೆದು ತಟ್ಟೆಯಲ್ಲಿಟ್ಟನು. ಗುಮಾಸ್ತನು ತಲೆಬಾಗಿ, ಎರಡು ಕೈಗಳನ್ನು ಕತ್ತರಿಯಂತೆ ಅಡ್ಡವಿಟ್ಟು ತೋರಿಸಿದನು. ಆ ಸಂಜ್ಞೆಗೆ ಭಾಷಾಂತರವು ಬೇಕಿರಲಿಲ್ಲ. ಮುದುಕನೂ ತಲೆಬಾಗಿ, ನೋಟುಗಳನ್ನು ಮಡಿಸಿಕೊಂಡು ಹೊರಟುಹೋದನು. ನನ್ನ ಕೊಠಡಿಯ ಬೀಗದ ಕೈ ನನ್ನ ಅಂಗೈಯಲ್ಲೇ ಇದ್ದಿತು.

ಬೆಳಿಗ್ಗೆ ಈ ಸಂಗತಿಯನ್ನು ಅಳಿಯಂದಿರಿಗೆ ಹೇಳಿದೆನು. “ಮಾವನವರೆ, ಕೇಳಿದ ಹಣವನ್ನು ಕೊಟ್ಟಿದ್ದೇವೆ. ಕೊಡುವವನಿಗೂ ಸಮ್ಮತಿ, ಕೊಳ್ಳುವವನಿಗೂ ಸಮ್ಮತಿ. ಪ್ರವಾಸಿಗಳು ಬಾರದಿದ್ದರೆ ಆ ಕಟ್ಟಡವೇ ಬೀಳುತ್ತಿತ್ತು. ನೀವು ಬಿಟ್ಟರೆ ಬೇರೆ ಯಾರೋ ಬರುವರು” ಎಂದರು. ಪೂರ್ವಪಕ್ಷವು ದುರ್ಬಲವಾದುದಲ್ಲ. ಆ ಮುದುಕನನ್ನು ಬೀದಿಗೆ ತಂದವನು ನಾನಲ್ಲ. ನನ್ನ ಹಣದಿಂದಲೇ ಗುಮಾಸ್ತನ ಸಂಬಳವೂ ನಡೆಯುವುದು. ಅಗ್ಗವಾದುದೆಲ್ಲ ಪಾಪವೆಂದೂ ನಾನು ಹೇಳಲಾರೆನು. ಇದೇ ನಗರದ ಉಮೆದಾ ಭಾಗದಲ್ಲಿ 1979ರಲ್ಲಿ ಕಿಶೊ ಕುರೊಕಾವಾ ಎಂಬ ಶಿಲ್ಪಿಯು ಮೊಟ್ಟಮೊದಲನೆಯ ಕ್ಯಾಪ್ಸೂಲ್ ಹೋಟೆಲನ್ನು ರಚಿಸಿದನು. ಆರಡಿಗಿಂತ ಸ್ವಲ್ಪ ಉದ್ದ, ಮೂರಡಿಯಷ್ಟು ಅಗಲ ಮತ್ತು ಎತ್ತರವಿರುವ ಕೋಶಗಳು ಒಂದರ ಮೇಲೊಂದಿರುವುವು. ಕಡೆಯ ರೈಲು ತಪ್ಪಿದವರಿಗೆ ಅದರಿಂದ ಮಹೋಪಕಾರವಾಯಿತು. ಅಲ್ಲಿಯ ಅಗ್ಗವು ಯುಕ್ತಿಯಿಂದ ಬಂದುದು. ದೊಯಾದ ಅಗ್ಗವು ಒಂದು ಜನಸಮೂಹದ ಕ್ಷಯದಿಂದ ಬಂದುದು. ಈ ವಿಭಾಗವೂ ಪೂರ್ಣ ನಿರ್ದುಷ್ಟವಲ್ಲ, ಒಪ್ಪುತ್ತೇನೆ. 2008ರ ಆರ್ಥಿಕ ವಿಪತ್ತಿನ ತರುವಾಯ ಟೋಕಿಯೋದಲ್ಲಿ ಕೆಲಸ ಕಳೆದುಕೊಂಡವರು ಅಂತಹ ಕೋಶಗಳಲ್ಲಿಯೇ ತಿಂಗಳುಗಟ್ಟಲೆ ಬಾಳಿದರು.

ಆದರೂ ನನಗೆ ತೋರುವುದಿಷ್ಟು. ಬರಿಗೈಯಲ್ಲಿ ಬಂದ ವಿದ್ಯಾರ್ಥಿಯು ಆ ಕೊಠಡಿಯಲ್ಲಿ ಮಲಗಿದರೆ ದೋಷವಿಲ್ಲ. ಅವನೂ ಆ ಮುದುಕನಂತೆ ಅನನ್ಯಗತಿಕನೇ. ನನಗಾದರೋ ಪಿಂಚಣಿ ಬರುವುದು. ಹಣ ಕೊಡಲು ಅಳಿಯಂದಿರೂ ಸಿದ್ಧರಿದ್ದರು. ಗತ್ಯಂತರವುಳ್ಳವನು ಕೇವಲ ಉಳಿತಾಯಕ್ಕಾಗಿ ಗತ್ಯಂತರವಿಲ್ಲದವನ ಸರದಿಯಲ್ಲಿ ನಿಂತರೆ, ಕೊಟ್ಟ ಬೆಲೆಯು ನ್ಯಾಯವಾದುದಾದರೂ ನಿಂತ ಸ್ಥಳವು ನ್ಯಾಯವಾದುದಲ್ಲ. ಅಂದು ನನ್ನ ಕೊಠಡಿಯು ತೆರವಾಗಿದ್ದರೆ ಅದನ್ನು ಆತನಿಗೆ ಕೊಡುತ್ತಿದ್ದರೆಂಬ ನಿಶ್ಚಯವಿಲ್ಲವೆಂದು ಅಳಿಯಂದಿರು ಹೇಳಿದರು. ನಿಜವೇ. ಆದರೆ ಮನೆಗೆ ಫೋನು ಮಾಡಿ ಹೆಮ್ಮೆಪಟ್ಟುದಕ್ಕೆ ಆ ಸಮಾಧಾನವು ಸಲ್ಲುವುದಿಲ್ಲ.

ಮೂರನೆಯ ದಿನ ಉಮೆದಾ ಕಡೆಯ ಒಂದು ಕೋಶಕ್ಕೆ ಹೊರಟೆನು. ಈ ವಯಸ್ಸಿನಲ್ಲಿ ಏಣಿ ಹತ್ತಿ ಬಿಲ ಸೇರುವುದೇನೆಂದು ಅಳಿಯಂದಿರು ಬೇಸರಪಟ್ಟರು. ಗುಮಾಸ್ತನು ಮಿಕ್ಕ ರಾತ್ರಿಗಳ ಹಣವನ್ನು ಎಣಿಸಿ ಅದೇ ತಟ್ಟೆಯಲ್ಲಿಟ್ಟು ತಲೆಬಾಗಿದನು. ರೈಲಿನಲ್ಲಿ ಅಳಿಯಂದಿರು ತಮ್ಮ ಮೊಬೈಲನ್ನು ತೆಗೆದು ನನಗೆ ತೋರಿಸಿದರು. ನಾನು ಬಿಟ್ಟ ಕೊಠಡಿಯು ಈಗ 3,100 ಯೆನ್ನಿಗೆ ಇದ್ದಿತು. ಮುಂದಿನ ನಿಲ್ದಾಣವು ಬರುವಷ್ಟರಲ್ಲಿ ಯಾರೋ ಅದನ್ನು ಕಾದಿರಿಸಿಯಾಗಿದ್ದಿತು.