ನೀಲಿ ತಡೆಯುವ ಕನ್ನಡಕ

ಒಂದು ಸಲ ತಲೆಯಾಡಿಸಿದ್ದಕ್ಕೆ ಇಷ್ಟು ದಿನ ಕೊರಗಬೇಕೇ ಎಂದು ನಮ್ಮ ಮನೆಯವರು ನಗುತ್ತಾರೆ. ಆದದ್ದು ಇಷ್ಟೇ. ಸಡಿಲವಾದ ಸ್ಕ್ರೂ ಬಿಗಿ ಮಾಡಿಸಲು ಕಡೂರಿನ ಒಂದು ಕನ್ನಡಕದ ಅಂಗಡಿಗೆ ಹೋಗಿದ್ದೆ. ಅಂಗಡಿಯ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಅಲ್ಲಿ ಅಜ್ಜಂಪುರದ ನಮ್ಮ ಶಾಲೆಯ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತಾಯಿಯ ಜೊತೆ ಕೂತಿದ್ದಳು. ಹುಡುಗ ಎರಡು ಗಾಜು ಮುಂದಿಟ್ಟಿದ್ದ. ಸಾದಾ ಒಂದು, ‘ಬ್ಲೂ ಕಟ್’ ಒಂದು. ಎರಡನೆಯದಕ್ಕೆ ಎಂಟುನೂರು ರೂಪಾಯಿ ಹೆಚ್ಚು. ಸಣ್ಣ ಟಾರ್ಚಿನ ನೇರಳೆ ಬೆಳಕನ್ನು ಒಂದು ಕಾರ್ಡಿನ ಮೇಲೆ ಬಿಟ್ಟ, ಕಲೆ ಮೂಡಿತು. ನಡುವೆ ಬ್ಲೂ ಕಟ್ ಗಾಜು ಹಿಡಿದ, ಕಲೆ ಮೂಡಲಿಲ್ಲ. ತಾಯಿ ನನ್ನ ಕಡೆ ತಿರುಗಿದಳು.

“ಮೇಡಮ್ಮೋರೆ, ನಿಮ್ದೂ ಇದೇ ಅಲ್ವಾ? ಮೊಬೈಲ್ ನೋಡಿ ನೋಡಿ ಕಣ್ಣು ಹೋಗ್ತದಂತೆ. ಕೊಡಿಸ್ಲಾ?”

ನಾನು ತಲೆಯಾಡಿಸಿದೆ. ತರೀಕೆರೆ ಕಡೆ ಅಡಿಕೆ ಸುಲಿಯಲು ಹೋಗಿ ಉಳಿಸಿದ ದುಡ್ಡನ್ನು ಆಕೆ ಸೆರಗಿನ ಗಂಟಿನಿಂದ ಬಿಚ್ಚಿ ಎಣಿಸಿದಳು.

ನನಗೆ ಗೊತ್ತಿಲ್ಲದೆ ತಲೆಯಾಡಿಸಿದ್ದರೆ ಮಾತು ಬೇರೆ. ಗೊತ್ತಿತ್ತು. ಕಾಕ್ರೇನ್ ಎಂಬ ಸಂಸ್ಥೆ 2023ರಲ್ಲಿ ಆರು ದೇಶಗಳ 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿತ್ತು. ಕಂಪ್ಯೂಟರ್ ನೋಡುವವರ ಕಣ್ಣಿನ ಆಯಾಸವನ್ನು ಕಡಿಮೆ ಮಾಡುವುದರಲ್ಲಿ, ಕಡೇಪಕ್ಷ ಅಲ್ಪಾವಧಿಯಲ್ಲಿ, ಈ ಗಾಜಿಗೂ ಸಾದಾ ಗಾಜಿಗೂ ವ್ಯತ್ಯಾಸ ಇರಲಾರದು ಎಂಬುದು ಅವರ ತೀರ್ಮಾನ. ಪರದೆಯಿಂದ ಬರುವ ನೀಲಿ ಬೆಳಕು ಹಗಲಿನ ಬೆಳಕಿನಲ್ಲಿರುವುದರ ಸುಮಾರು ಸಾವಿರದಲ್ಲೊಂದು ಪಾಲು. ಈ ಗಾಜು ಸಾಮಾನ್ಯವಾಗಿ ತಡೆಯುವುದು ನೀಲಿಯ ನೂರಕ್ಕೆ ಹತ್ತರಿಂದ ಇಪ್ಪತ್ತೈದು ಭಾಗ. ಟಾರ್ಚಿನ ನೇರಳೆ ಬೇರೆ, ಪರದೆಯ ನೀಲಿ ಬೇರೆ. ನೀಲಿಯನ್ನೆಲ್ಲ ತಡೆಯುವ ಗಾಜಾದರೆ ಲೋಕವೇ ಹಳದಿಯಾಗಿ ಕಾಣಬೇಕಿತ್ತು. ಪರದೆ ನೋಡುವಾಗ ಕಣ್ಣು ಉರಿಯುವುದಕ್ಕೆ ಮುಖ್ಯ ಕಾರಣ ನಾವು ರೆಪ್ಪೆ ಬಡಿಯುವುದನ್ನೇ ಮರೆಯುವುದು, ಹತ್ತಿರದ್ದನ್ನೇ ದಿಟ್ಟಿಸಿ ಕೂರುವುದು. ಅದಕ್ಕೆ ಮದ್ದು ಆಗಾಗ ತಲೆ ಎತ್ತಿ ದೂರದ ತೆಂಗಿನ ಮರ ನೋಡುವುದು. ಅದಕ್ಕೆ ದುಡ್ಡು ಬೇಡ.

ಹಾಗಾದರೆ ನನ್ನ ಮೂಗಿನ ಮೇಲೆ ಅದೇ ಗಾಜು ಯಾಕಿತ್ತು? 2020ರಲ್ಲಿ ಶಾಲೆ ಮುಚ್ಚಿ ಮೊಬೈಲಿನಲ್ಲೇ ಪಾಠ ಮಾಡುತ್ತಿದ್ದಾಗ ತಲೆನೋವು ಶುರುವಾಗಿ ಕೊಂಡದ್ದು. ಹಿತವೂ ಆಗಿತ್ತು. ಆ ಹಿತ ಸುಳ್ಳೇ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಪೂರ್ತಿ ಸುಳ್ಳಲ್ಲ. ಅದರ ಮೇಲೆ ಆ್ಯಂಟಿ-ಗ್ಲೇರ್ ಲೇಪವೂ ಇದೆ. ಬರಿಯ ಗಾಜು ಎರಡೂ ಮೈಯಿಂದ ಸುಮಾರು ನೂರಕ್ಕೆ ಎಂಟು ಭಾಗ ಬೆಳಕನ್ನು ಹಿಂದಕ್ಕೆ ಎರಚುತ್ತದೆ. ತೆಳುವಾದ ಲೇಪದಲ್ಲಿ ಮೇಲಿನಿಂದ ಹಿಂತಿರುಗುವ ಅಲೆ, ಕೆಳಗಿನಿಂದ ಹಿಂತಿರುಗುವ ಅಲೆ ಒಂದನ್ನೊಂದು ಅಳಿಸುತ್ತವೆ. ರಾತ್ರಿ ಬಿ.ಎಚ್. ರಸ್ತೆಯಲ್ಲಿ ಎದುರು ಲಾರಿಗಳ ದೀಪ ಈಗ ಮೊದಲಿನಷ್ಟು ಕಣ್ಣಿಗೆ ಚೆಲ್ಲಾಡುವುದಿಲ್ಲ. ಹಿತ ಕೊಟ್ಟದ್ದು ಆ ಲೇಪ, ಹೆಸರು ಬಂದದ್ದು ನೀಲಿಗೆ. ಮನೆಯಲ್ಲೂ ಹೀಗಾಗುತ್ತದಲ್ಲ, ದುಡಿಯುವವಳು ಒಬ್ಬಳು, ಹೊಗಳಿಸಿಕೊಳ್ಳುವವಳು ಇನ್ನೊಬ್ಬಳು!

ಅಷ್ಟಕ್ಕೂ ಐವತ್ತು ದಾಟಿದವಳಿಗೆ ದೇವರೇ ಒಂದು ಬ್ಲೂ ಕಟ್ ಹಾಕಿರುತ್ತಾನೆ. ವಯಸ್ಸಾದಂತೆ ಕಣ್ಣೊಳಗಿನ ಮಸೂರ ಹಳದಿಗೆ ತಿರುಗಿ ನೀಲಿಯನ್ನು ತಾನೇ ತಡೆಯುತ್ತದೆ. ತರೀಕೆರೆಯಲ್ಲಿದ್ದ ನನ್ನ ತಾಯಿ ಪೊರೆಯ ಆಪರೇಷನ್ ಮಾಡಿಸಿಕೊಂಡು ಬಂದು, ಹಸಿರು ಪಟ್ಟಿ ಬಿಚ್ಚಿದ ಮೇಲೆ ತನ್ನದೇ ಹಳೆಯ ಸೀರೆ ಹಿಡಿದು, “ಇದು ಇಷ್ಟು ನೀಲಿ ಇತ್ತೇನೆ?” ಎಂದು ಬೆರಗಾಗಿದ್ದಳು. ಎಷ್ಟೋ ವರ್ಷ ಅದನ್ನು ಮಾಸಿದ ಬೂದು ಸೀರೆ ಎಂದೇ ನಂಬಿ ಉಟ್ಟಿದ್ದಳು. ಅದು ಕಾಣದೆ ಆದದ್ದು. ನನ್ನದು ಹಾಗಲ್ಲ, ಕಂಡೂ ಸುಮ್ಮನಾದದ್ದು.

ಯಾಕೆ ಸುಮ್ಮನಾದೆ? ಹುಡುಗನ ವ್ಯಾಪಾರಕ್ಕೆ ಕಲ್ಲು ಹಾಕಬಾರದೆಂದು. ಇದು ಅರ್ಧ ನಿಜ. ಇನ್ನರ್ಧ, ನಾನೂ ಮೋಸಹೋದವಳು ಎಂದು ಶಿಷ್ಯೆಯ ಮುಂದೆ ಒಪ್ಪಿಕೊಳ್ಳಲು ಆಗಲಿಲ್ಲ. ಒಂದು ಸಂಜೆ ಹುಡುಗನ ಬಳಿ ಮಾತು ತೆಗೆದೆ. “ಕಂಪನಿಯವರು ಹೇಳಿಕೊಟ್ಟಿದ್ದನ್ನೇ ನಾನು ಹೇಳೋದು ಮಿಸ್. ನೀವೂ ಹಾಕ್ಕೊಂಡಿದ್ದೀರಲ್ಲ, ಚೆನ್ನಾಗೇ ಇರಬೇಕು ಅಂದ್ಕೊಂಡೆ” ಎಂದ. ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ತಾಯಿಗೆ ಹೇಳಬೇಕೇ? ಕೊಟ್ಟ ದುಡ್ಡು ವಾಪಸ್ ಬರದು. ಹುಡುಗಿ ಬೋರ್ಡು ಚೆನ್ನಾಗಿ ಕಾಣುತ್ತದೆಂದು ಮುಂದಿನ ಬೆಂಚು ಬಿಟ್ಟು ಗೆಳತಿಯರ ಜೊತೆ ಕೂತಿದ್ದಳು. ಅದು ನಂಬರಿನ ಗುಣ, ಅಷ್ಟು ಸಾಕಲ್ಲ ಎಂದುಕೊಂಡೆ. ಈಗ ಹೇಳಿದರೆ ಹಗುರಾಗುವುದು ನನ್ನ ಎದೆ, ಭಾರ ಅವಳಿಗೆ. ಹೀಗೆ ನನಗೆ ಅನುಕೂಲವಾದ ವೇದಾಂತದಲ್ಲೇ ಮೂರು ತಿಂಗಳು ಕಳೆದೆ.

ಪೋಷಕರ ಸಭೆಗೆ ಆಕೆ ಬಂದಳು, ಕಿರಿಯ ಮಗನ ಕೈ ಹಿಡಿದು. ಅವನಿಗೂ ನಂಬರ್ ಬಂದಿದೆಯಂತೆ. “ಅವಳಿಗೆ ಕೊಡಿಸಿದ್ದನ್ನೇ ಇವನಿಗೂ ಕೊಡಿಸ್ತೀನಿ, ಸ್ವಲ್ಪ ದಿನ ತಡೀಲಿ, ಅಡಿಕೆ ಕೆಲಸ ಶುರುವಾಗ್ಲಿ” ಎಂದಳು.

ಆ ಹುಡುಗ ಎಂಟುನೂರು ರೂಪಾಯಿಗಾಗಿ ತಿಂಗಳುಗಟ್ಟಲೆ ಮಂಜು ಮಂಜಾಗಿ ಬೋರ್ಡು ನೋಡಬೇಕಿತ್ತು. ಸಭೆ ಮುಗಿದ ಮೇಲೆ ಜಗಲಿಯಲ್ಲಿ ಕೂರಿಸಿಕೊಂಡು ಹೇಳಿದೆ. ಸಾದಾ ಗಾಜೇ ಸಾಕು, ನಂಬರ್ ಸರಿಯಿದ್ದರೆ ಆಯಿತು, ತಡಮಾಡಬೇಡ ಎಂದೆ. ನನ್ನದರ ಕಥೆಯನ್ನೂ ಹೇಳಿದೆ. ಆಕೆ ಸ್ವಲ್ಪ ಹೊತ್ತು ನನ್ನ ಕನ್ನಡಕವನ್ನೇ ನೋಡಿದಳು.

“ಅವತ್ತು ಗೊತ್ತಿತ್ತಾ ಮೇಡಮ್ಮೋರೆ ನಿಮ್ಗೆ?”

ಗೊತ್ತಿತ್ತು ಎಂದೆ.

ಆಕೆ ಏನೂ ಅನ್ನಲಿಲ್ಲ. ಮಗನ ಅಂಗಿಯ ಗುಂಡಿ ಸರಿಮಾಡಿ, ಬಸ್ಸಿಗೆ ಹೊತ್ತಾಯಿತು ಎಂದು ಎದ್ದಳು. ಮರುವಾರ ಆ ಹುಡುಗ ಸಾದಾ ಕನ್ನಡಕ ಹಾಕಿಕೊಂಡು ಪ್ರಾರ್ಥನೆಗೆ ನಿಂತಿದ್ದ.