ಅನೇಕಾಂತಕ್ಕೂ ಅಳತೆಯುಂಟು

ಅನೇಕಾಂತವೆಂದರೆ ಎಲ್ಲರದ್ದೂ ಸರಿ ಎನ್ನುವ ಸಡಿಲ ಮಾತು ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಭಾಷಣಗಳಲ್ಲಂತೂ ಅದು ಬರಿಯ ಸೌಜನ್ಯ. ಒಂದೇ ವಸ್ತುವಿಗೆ ಅನೇಕ ಧರ್ಮಗಳುಂಟು, ಪ್ರತಿಯೊಂದೂ ಒಂದೊಂದು ಅಪೇಕ್ಷೆಯಿಂದ, ಅಂದರೆ ಒಂದೊಂದು ದೃಷ್ಟಿಯಿಂದ, ನಿಜ ಎನ್ನುವ ಜೈನ ತಾರ್ಕಿಕರ ನಿಲುವು ಇದಕ್ಕಿಂತ ಬಿಗಿ. ಎಷ್ಟು ಬಿಗಿ ಎಂಬುದು ಉಪಗ್ರಹ ಚಿತ್ರದ ಪದರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವಾಗ ಚೆನ್ನಾಗಿ ಕಾಣುತ್ತದೆ. ಸೆಂಟಿನೆಲ್-2 ಉಪಗ್ರಹ ಒಂದೇ ನೆಲವನ್ನು 13 ಬ್ಯಾಂಡುಗಳಲ್ಲಿ, ಅಂದರೆ ಬೆಳಕಿನ ತರಂಗಪಟ್ಟಿಗಳಲ್ಲಿ, ನೋಡುತ್ತದೆ. ಹಸಿರು ಪೈರಿನ ಹೊಲ ಕೆಂಪು ಬ್ಯಾಂಡಿನಲ್ಲಿ ಕಪ್ಪಗೆ, ಸಮೀಪದ ಅವಗೆಂಪಿನಲ್ಲಿ ಬೆಳ್ಳಗೆ ಬರುತ್ತದೆ. ಎಲೆ ಮೊದಲನೆಯದನ್ನು ಹೀರಿ ಎರಡನೆಯದನ್ನು ಚಿಮ್ಮಿಸುತ್ತದೆ. ವಿರುದ್ಧ ಧರ್ಮಗಳು ಒಂದೇ ವಸ್ತುವಿನಲ್ಲಿ ಇರಲಾರವೆಂದು ಬ್ರಹ್ಮಸೂತ್ರ ಭಾಷ್ಯದಲ್ಲಿ ಶಂಕರರು ಜೈನರ ಮೇಲೆ ಎತ್ತಿದ ಆಕ್ಷೇಪ ಪ್ರಸಿದ್ಧ. ಆದರೆ ಇಲ್ಲಿ ಕಪ್ಪೂ ಬಿಳುಪೂ ಒಂದೇ ಅಪೇಕ್ಷೆಯಿಂದ ಆಡಿದ ಮಾತಲ್ಲ. ಮೇಲಾಗಿ, ಆ ಎರಡರ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದಾಗಲೇ ಪೈರು ಎಷ್ಟು ಸೊಂಪಾಗಿದೆ ಎಂಬ ಸೂಚ್ಯಂಕ ಸಿಗುವುದು.

ಹಾಗೆಂದು ಪದರಗಳನ್ನು ಮನಬಂದಂತೆ ಪೇರಿಸಲಾಗದು. ಆರ್ ಭಾಷೆಯ ಟೆರಾ ಪ್ಯಾಕೇಜಿನಲ್ಲಿ ಎರಡು ಪದರ ಒಂದೇ ರಾಸ್ಟರಿನೊಳಗೆ, ಅಂದರೆ ಒಂದೇ ಚೌಕಗಳ ಜಾಲದೊಳಗೆ, ಕೂರಬೇಕಾದರೆ ವ್ಯಾಪ್ತಿ, ಅಡ್ಡಸಾಲು, ಕಂಬಸಾಲು ತಾಳೆಯಾಗಬೇಕು. 10 ಮೀಟರ್ ಚೌಕಗಳ ಬ್ಯಾಂಡಿನ ಜೊತೆ 20 ಮೀಟರಿನದನ್ನು ನೇರ ಕೊಟ್ಟರೆ ಅದು ಒಪ್ಪುವುದಿಲ್ಲ. ಆಗ ಒಂದನ್ನು ಇನ್ನೊಂದರ ಚೌಕಕ್ಕೆ ರೀಸ್ಯಾಂಪಲ್ ಮಾಡುತ್ತಾರೆ. ಅಪಾಯ ಇರುವುದು ಅಲ್ಲೇ. ಭೂಬಳಕೆಯ ಪದರವೊಂದರಲ್ಲಿ ಕಾಡಿಗೆ 1, ಹೊಲಕ್ಕೆ 2, ಕೆರೆಗೆ 3 ಎಂದು ಸಂಕೇತವಿದೆ ಎನ್ನಿ. ಅದನ್ನು ಅಕ್ಕಪಕ್ಕದ ಅಂಕಿಗಳ ಸರಾಸರಿ ತೆಗೆಯುವ ಬೈಲಿನಿಯರ್ ವಿಧಾನಕ್ಕೆ ಒಡ್ಡಿದರೆ, ಕಾಡೂ ಕೆರೆಯೂ ಸೇರುವಲ್ಲಿ ಸರಾಸರಿ 2 ಬಂದು, ಯಾರೂ ಉಳದ ಹೊಲವೊಂದು ಕೆರೆಯಂಚಿನಲ್ಲಿ ಹುಟ್ಟಿಕೊಳ್ಳಬಹುದು. ಮತಗಳ ನಡುವೆ ನಾವು ಮಾಡಿಸುವ ಎಷ್ಟೋ ಸಮನ್ವಯಗಳು ಇದೇ ಜಾತಿಯವು. ಇಬ್ಬರೂ ಹೇಳದ ಮೂರನೆಯದನ್ನು ಇಬ್ಬರ ಬಾಯಲ್ಲೂ ಇಡುತ್ತವೆ. ಸಮಂತಭದ್ರರ ಆಪ್ತಮೀಮಾಂಸೆ ಪರಸ್ಪರ ಅಪೇಕ್ಷೆಯಿಲ್ಲದ ನಯಗಳನ್ನು, ಅಂದರೆ ಬಿಡಿ ದೃಷ್ಟಿಕೋನಗಳನ್ನು, ಮಿಥ್ಯೆಯೆಂದೇ ತಳ್ಳಿಹಾಕುತ್ತದೆ. ಯಾವ ಪದರ ಯಾವ ಅಪೇಕ್ಷೆಯದು ಎಂಬುದು ಅಳಿಸಿಹೋದ ಕೂಡಲೇ ಅನೇಕಾಂತವೂ ಮುಗಿಯಿತು.

ಭಾಗಗಳಾಚೆ ಒಂದು ವಸ್ತುವನ್ನು ಒಪ್ಪದ ಬೌದ್ಧರು ಇಲ್ಲಿ ಕೇಳಬಹುದು: ಪದರಗಳೆಲ್ಲ ಯಾವ ಒಂದು ವಸ್ತುವಿನವು? 10 ಮೀಟರಿನ ಪಿಕ್ಸೆಲ್ ಎಂದರೆ 100 ಚದರ ಮೀಟರ್. ಅದರೊಳಗೆ ಬದುವೂ ಕಾಲುದಾರಿಯೂ ತೆಂಗಿನ ಮರವೂ ಇರಬಹುದು. ಆ ಚೌಕವನ್ನು ಕತ್ತರಿಸಿದವರು ನಾವೇ. ಅರ್ಧ ವಾದವನ್ನು ಒಪ್ಪಲೇಬೇಕು, ಪಿಕ್ಸೆಲ್ ವಸ್ತುವಲ್ಲ. ಆದರೆ ಚೌಕಗಳನ್ನು ಅರ್ಧ ಮನೆ ಸರಿಸಿ ಮತ್ತೆ ಹಾಕಿದರೂ ಬದಲಾಗುವುದು ಮುಖ್ಯವಾಗಿ ಅಂಚಿನ ಅಂಕಿಗಳು. ಕೆರೆಯ ನಡುವಿನ ನೀರು ಅವಗೆಂಪಿನಲ್ಲಿ ಕಪ್ಪಾಗಿಯೇ ಉಳಿಯುತ್ತದೆ. ನಮ್ಮ ಗೆರೆಗಳಿಗೆ ಬಗ್ಗದ ಏನೋ ಅಲ್ಲಿದೆ ಎನ್ನಲು ಇಷ್ಟು ಸಾಕು. ಆ ಕೆರೆ ತನ್ನ ಭಾಗಗಳಿಗಿಂತ ಬೇರೆಯಾದ ಅವಯವಿ ಎಂದು ಸಾಧಿಸಲು ಮಾತ್ರ ಸಾಲದು. ಅಂಥ ಅವಯವಿಯನ್ನು ಒಪ್ಪುವ ನೈಯಾಯಿಕರು ಅದಕ್ಕೆ ಬೇರೆ ಪ್ರಮಾಣ ತರಬೇಕು.